ಅಕ್ಕನನ್ನು ಕೇಳದೆ ಕೊಟ್ಟ ಉತ್ತರ

ಅಕ್ಕನನ್ನು ನಾನು ಕೇಳಲೇ ಇಲ್ಲ. ಕೇಳಿದೆ, ಅವಳು ಒಲ್ಲೆ ಅಂದಳು ಎಂದು ನಮ್ಮ ಶಾಲೆಯ ರಾವಸಾಹೇಬ ಸರ್ ಮುಂದೆ ಹೇಳಿದ್ದು ಶುದ್ಧ ಸುಳ್ಳು. ಒಂದು ಮದುವೆ ಆಗಬಹುದಿತ್ತು — ಆಗುತ್ತಿತ್ತೋ ಇಲ್ಲವೋ ಈಗ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಆ ಪ್ರಶ್ನೆ ನನ್ನನ್ನು ದಾಟಿ ಮುಂದೆ ಹೋಗಲಿಲ್ಲ. ನಾನು ಇದನ್ನು ಸಿಟ್ಟಿನಲ್ಲಿ ಮಾಡಲಿಲ್ಲ, ದ್ವೇಷದಲ್ಲೂ ಅಲ್ಲ. ನನ್ನ ಜೀವನದ ಅತ್ಯಂತ ಸಂಭ್ರಮದ ದಿನಗಳಲ್ಲಿ ಮಾಡಿದೆ. ಅದೇ ನನಗೆ ಇವತ್ತಿಗೂ ಅರಗದ ಸಂಗತಿ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡದ ಶಿಕ್ಷಕಿ, ಎಲ್ಲರ ಪಾಲಿಗೆ ಬಾಯಾರು; ಇನ್ನೂ ಮದುವೆಯಾಗಿರಲಿಲ್ಲ. ಅಕ್ಕ ಶೋಭಾ ರಾಯಬಾಗದಲ್ಲಿ ನರ್ಸ್. ಮದುವೆಯಾದ ಸ್ವಲ್ಪ ಕಾಲಕ್ಕೇ ಭಾವ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ; ನಮ್ಮ ಅಪ್ಪ ಅವ್ವನೂ ಹೋಗಿಬಿಟ್ಟಿದ್ದರು. ಊರವರ ಹೆರಿಗೆ, ಜ್ವರ, ಚುಚ್ಚುಮದ್ದು ಎಂದು ರಜೆಯನ್ನೇ ಕೇಳದೆ ದುಡಿದ ಹೆಣ್ಣು ಅವಳು. ಹುಟ್ಟೂರು ಯಡೂರಿನ ಕೃಷ್ಣಾ ಹೊಳೆ ಬಿಟ್ಟರೆ ನಾವಿಬ್ಬರೂ ನೋಡಿದ್ದ ದೊಡ್ಡ ಜಗತ್ತೆಂದರೆ ಕೊಲ್ಲಾಪುರ, ಪಂಢರಪುರ.

ಭಾನುವಾರಕ್ಕೊಮ್ಮೆ ಅವಳು ಚಿಕ್ಕೋಡಿಗೆ ಬರುತ್ತಿದ್ದಳು. ಅಂಥ ಒಂದು ಭಾನುವಾರ ನನ್ನ ಬಾಡಿಗೆ ಮನೆಯಲ್ಲಿ ಕೂತು ಚಹಾ ಕುಡಿಯುತ್ತ ಅವಳು ಇದ್ದಕ್ಕಿದ್ದಂತೆ ಕೇಳಿದಳು: "ಬರ್ಫ ಮುಟ್ಟಿದ್ರ ಕೈ ಸುಡ್ತೈತಂತ, ಖರೇನ?"

ಅಷ್ಟೇ. ಆ ಒಂದು ಮಾತಿನಿಂದ ಎಲ್ಲ ಶುರುವಾಯಿತು. ದಸರೆಯ ರಜೆಯಲ್ಲಿ ಉತ್ತರಕ್ಕೆ, ಮರುಭೂಮಿ, ಹಿಮ ಎರಡನ್ನೂ ನೋಡಲು ಹೋಗಿಯೇ ಬಿಡೋಣ ಎಂದೆ. ಟೂರ್ ಕಂಪನಿಯ ಬಸ್ಸು ಬೇಡವೆಂದು ಇಬ್ಬರೂ ಹಟ ಹಿಡಿದೆವು. ಅವರು ಎಬ್ಬಿಸಿದಾಗ ಏಳಬೇಕು, ಇಳಿಸಿದಲ್ಲಿ ಇಳಿಯಬೇಕು, ಹತ್ತು ಗುಡಿ ತೋರಿಸಿ ಹನ್ನೊಂದನೆಯದಕ್ಕೆ ಓಡಿಸುತ್ತಾರೆ. ನಮ್ಮ ಪ್ರವಾಸ ನಮ್ಮದೇ ಆಗಿರಬೇಕು. ಮರಳು ಕಂಡಲ್ಲಿ ಕೂರಬೇಕು, ಹಿಮ ಕಂಡಲ್ಲಿ ನಿಲ್ಲಬೇಕು.

ಆದರೆ ದೇಶವೋ — ಇಷ್ಟು ದೊಡ್ಡದು! ಎಲ್ಲಿಂದ ಹಿಡಿಯಬೇಕು, ಎಲ್ಲಿ ಬಿಡಬೇಕು? ನಮ್ಮ ಶಾಲೆಯ ಭೂಗೋಳದ ಮಾಸ್ತರು ರಾವಸಾಹೇಬ ಸರ್ ಅವರನ್ನು ಕೇಳಿದೆ. ಹೆಂಡತಿ ತೀರಿಕೊಂಡಿದ್ದ ಮನುಷ್ಯ, ಮಿತಭಾಷಿ. ಮರುಭಾನುವಾರ ಶಾಲೆಯ ಭಾರತದ ನಕಾಶೆಯನ್ನು ಬಗಲಲ್ಲಿ ಇಟ್ಟುಕೊಂಡು, ಮಗಳು ಪೂಜಾಳ ಕೈ ಹಿಡಿದು ನಮ್ಮ ಮನೆಗೆ ಬಂದರು. ಹುಡುಗಿ ಆಗಿನ್ನೂ ಒಂದನೇ ಇಯತ್ತೆಯಲ್ಲಿ ಓದುತ್ತಿದ್ದಳು.

ಆಮೇಲಿನ ಭಾನುವಾರಗಳನ್ನು ಹೇಗೆ ಹೇಳಲಿ! ನಕಾಶೆಯನ್ನು ನೆಲಕ್ಕೆ ಹಾಸಿ ಅದರ ಸುತ್ತ ನಾವು ನಾಲ್ವರು. ಇಳಿಯಬೇಕಾದ ಊರಿನ ಮೇಲೆ ಒಂದೊಂದು ಹುರಿದ ಶೇಂಗಾ. ಪೂಜಾ ಸದ್ದಿಲ್ಲದೆ ಜೋಧಪುರವನ್ನು ತಿಂದುಬಿಡುತ್ತಿದ್ದಳು, ಅಕ್ಕ ನಗುತ್ತ ಇನ್ನೊಂದು ಕಾಳು ಇಡುತ್ತಿದ್ದಳು. ಅಕ್ಟೋಬರಿನಲ್ಲಿ ಮರುಭೂಮಿಯ ಬಿಸಿಲು ಇಳಿದಿರುತ್ತದೆ, ಮೊದಲು ಅಲ್ಲಿಗೆ ಹೋಗಿ ಎಂದು ಸರ್ ವಿವರಿಸುವರು. ಬೆಟ್ಟದ ಊರಿನಲ್ಲಿ ಆಗ ಹಿಮ ಇರುವುದಿಲ್ಲ, ಅದಕ್ಕೂ ಮೇಲಿನ ಕಣಿವೆ ದಾರಿಗೆ ಹತ್ತಿದರೆ ಸಿಕ್ಕೇ ಸಿಗುತ್ತದೆ ಎನ್ನುವರು. ಬಾಯಿ ಬಿಡದ ಮನುಷ್ಯ ಅಕ್ಕನ ಮುಂದೆ ಗಾಳಿ, ಮೋಡ, ಬೆಟ್ಟ ಎಂದು ನಿಲ್ಲದೆ ಮಾತಾಡುತ್ತಿದ್ದರು. ಅಕ್ಕ ಅಡ್ಡಪ್ರಶ್ನೆ ಹಾಕುತ್ತಿದ್ದಳು, ಅವರು ತಡವರಿಸಿದರೆ ಚುಡಾಯಿಸುತ್ತಿದ್ದಳು. ಅವಳ ಆ ನಗು — ಭಾವ ಹೋದ ಮೇಲೆ ಅದನ್ನು ನಾನು ಕೇಳಿಯೇ ಇರಲಿಲ್ಲ. ಪ್ರವಾಸದ ಹುರುಪು ಅಂದುಕೊಂಡೆ. ಅಂದುಕೊಳ್ಳಲು ನನಗೆ ಅದೇ ಬೇಕಾಗಿತ್ತು.

ಮಿರಜದಿಂದ ಗಾಡಿಯ ಟಿಕೆಟ್ ಆಯಿತು. ಹೊಸ ಸ್ವೆಟರು ಬಂತು. ಅಕ್ಕ ಚಕ್ಕುಲಿ ಮಾಡಿದಳು, ಶೇಂಗಾ ಹೋಳಿಗೆ ಮಾಡಿದಳು, ಖಡಕ್ ರೊಟ್ಟಿ ಕಟ್ಟಿದಳು. ಪಾಠ ಮಾಡುವಾಗಲೂ ನನ್ನ ಕಿವಿಯಲ್ಲಿ ರೈಲಿನ ಸದ್ದು.

ಹೊರಡುವ ವಾರ ರಾವಸಾಹೇಬ ಸರ್ ಶಾಲೆಯ ವರಾಂಡದಲ್ಲಿ ನನ್ನನ್ನು ತಡೆದರು.

"ಬಾಯಾರ, ನೀವು ಹೋಗೂಕಿಂತ ಮೊದಲ ನಿಮ್ಮ ಅಕ್ಕನ್ನ ಒಂದ ಮಾತ ಕೇಳ್ತೀರೇನ್ರಿ? ಪೂಜಾಗ ತಾಯಿ ಬೇಕಂತ ಅಷ್ಟ ಅಲ್ಲರಿ. ನನಗ ಅವರ ಜೋಡಿ ಮಾತಾಡಿದ್ರ ಜೀವಕ್ಕ ಛಲೋ ಅನಸ್ತೈತಿ. ನಮ್ಮವ್ವ ಒಪ್ಪ್ಯಾಳ. ಅವರು ಒಲ್ಲೆ ಅಂದ್ರ ಬ್ಯಾಸರಿಲ್ಲ. ಆದ್ರ ಕಾಕಾ ಮಿರಜ ಕಡೆ ಒಂದ ಸಂಬಂಧ ನೋಡ್ಯಾನ, ದೀಪಾವಳಿಗೆ ಮಾತ ಕೊಡಬೇಕಂತಾನ."

ಕೇಳುತ್ತೇನೆ ಎಂದೆ. ಮನೆಗೆ ಬಂದೆ. ಆಸ್ಪತ್ರೆಗೆ ರಜೆ ಹೇಳಿ ಬಂದಿದ್ದ ಅಕ್ಕ ಸ್ವೆಟರ್ ಹಾಕಿಕೊಂಡು, ಚಿಕ್ಕೋಡಿಯ ಸೆಕೆಯಲ್ಲಿ ಬೆವರುತ್ತ, ಕನ್ನಡಿಯ ಮುಂದೆ ನಿಂತು ತನಗೆ ತಾನೇ ನಗುತ್ತಿದ್ದಳು. ಹೇಳಲು ಬಾಯಿ ತೆರೆದೆ, ಮತ್ತೆ —

ಏನೇನು ಯೋಚಿಸಿದೆ ಎಂದು ನಿಜವಾಗಿ ಹೇಳಬೇಕು. ಹೇಳಿದರೆ ಪ್ರವಾಸ ನಿಂತೀತು ಎಂದುಕೊಂಡೆ. ನಿಲ್ಲದಿದ್ದರೂ ಅದು ನಮ್ಮಿಬ್ಬರದಾಗಿ ಉಳಿಯುವುದಿಲ್ಲ, ಅವಳು ಮರಳನ್ನು ನೋಡುತ್ತ ಬೇರೆ ಯಾರನ್ನೋ ನೆನೆಯುತ್ತಾಳೆ. ಇವೆಲ್ಲ ಮೇಲಿನ ಮಾತು. ಒಳಗೆ ಇದ್ದದ್ದು ಇಷ್ಟೇ — ಅಕ್ಕ ನನ್ನವಳು. ಅವಳ ಭಾನುವಾರಗಳು ನನ್ನವು. ಅವಳು ಹೋಗಿಬಿಟ್ಟರೆ ನನಗೆ ಯಾರು?

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಹೇಳಿದೆ: "ಕೇಳಿದ್ನಿರಿ ಸರ್. ಅಕ್ಕಗ ಮನಸಿಲ್ಲ."

ಅವರು ಆಯ್ತ್ರಿ ಎಂದರು. ಹೋಗಿ ಬರ್ರಿ, ಬೆಟ್ಟದಲ್ಲಿ ಥಂಡಿ ಇರುತ್ತದೆ, ಹುಷಾರು ಎಂದರು. ಕ್ಲಾಸಿಗೆ ಹೋದರು.

ನಾವು ಹೊರಟೆವು. ಸುಳ್ಳು ಹೇಳಿದ ಮೇಲೆ ಆ ಪ್ರವಾಸ ನನಗೆ ರುಚಿಸಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ನಾನು ಕುಣಿದೆ. ಜೈಸಲ್ಮೇರದ ಮರಳಿನ ಮೇಲೆ ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು, ಒಂಟೆ ಎದ್ದು ನಿಂತಾಗ ಯಡೂರಿನ ದೇವರು ವೀರಭದ್ರನನ್ನು ಕೂಗಿದಳು. ಶಿಮ್ಲಾದ ಪುಟ್ಟ ರೈಲು ಸುರಂಗ ಹೊಕ್ಕಾಗಲೆಲ್ಲ ಮಕ್ಕಳ ಜೊತೆ ತಾನೂ ಕೂಗಿದಳು. ಒಂದೇ ದೇಶ, ಎರಡು ದಿನದ ಹಿಂದೆ ತುಟಿ ಒಡೆಯುವ ಒಣಹವೆ, ಇಲ್ಲಿ ದೇವದಾರುಗಳ ಕೆಳಗೆ ಬಾಯಿಂದ ಹೊಗೆ! ಮನಾಲಿಯಿಂದ ಮೇಲೆ ಹತ್ತಿದೆವು. ಸರ್ ಹೇಳಿದ್ದ ಹಾಗೇ ಕಣಿವೆ ದಾರಿಯ ನೆತ್ತಿಯಲ್ಲಿ ಹಿಮವಿತ್ತು.

ಅಕ್ಕ ಕೈಗವಸು ಕಳಚಿ ಒಂದು ಹಿಡಿ ತೆಗೆದುಕೊಂಡಳು. ಅದು ಕರಗುವವರೆಗೂ ಬಿಡಲಿಲ್ಲ. ಕೆಂಪಾದ ಅಂಗೈಯನ್ನು ನನಗೆ ತೋರಿಸಿ, "ರಾವಸಾಹೇಬ ಸರ್ ಇರಬೇಕಾಗಿತ್ತ ನೋಡ," ಎಂದಳು.

ಅಂದು ಸಂಜೆ ಮನಾಲಿಯ ಪೇಟೆಯಲ್ಲಿ ಅವಳು ಪೂಜಾಳಿಗೆಂದು ಉಣ್ಣೆಯ ಟೋಪಿ ಆರಿಸುತ್ತಿದ್ದಳು. ಆ ಅಂಗಡಿಯ ಪಕ್ಕದಲ್ಲೇ ಎಸ್‌ಟಿಡಿ ಬೂತು. ದೀಪಾವಳಿ ಇನ್ನೂ ಬಂದಿರಲಿಲ್ಲ. ಅಕ್ಕನನ್ನು ಕೇಳಿ ಸರ್‌ಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಬೂತನ್ನು ನೋಡಿದೆ, ಅಕ್ಕನನ್ನು ನೋಡಿದೆ — ಈಗ ಹೇಳಿದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎನ್ನುತ್ತಾಳೆ, ಈ ನಗು ಇಲ್ಲಿಗೇ ನಿಲ್ಲುತ್ತದೆ. ಊರಿಗೆ ಹೋದ ಮೇಲೆ ಹೇಗಾದರೂ ಸರಿ ಮಾಡೋಣ ಎಂದುಕೊಂಡೆ. ಅಲ್ಲಿಂದ ಮುಂದಕ್ಕೆ ಹೊರಟೆವು.

ಮರಳಿದ ಮೇಲೂ ತಿಳಿಸಲು ಕೆಲವು ದಿನಗಳಿದ್ದವು. ಇವತ್ತು, ನಾಳೆ ಎಂದು ಅವೂ ಕಳೆದವು. ದೀಪಾವಳಿಯ ರಜೆ ಮುಗಿದ ದಿನ ಸರ್ ಸ್ಟಾಫ್ ರೂಮಿಗೆ ಪೇಢೆ ತಂದರು. ಮಿರಜ ಕಡೆಯ ಸಂಬಂಧ ನಿಶ್ಚಯವಾಗಿತ್ತು. ಭಾನುವಾರ ಅಕ್ಕ ಬಂದಾಗ ತಿಳಿಸಿದೆ. ಅವಳು ಪೂಜಾಳಿಗೆ ತಂದಿದ್ದ ಟೋಪಿಯನ್ನು ಮಡಿಚಿ ಮಡಿಲಲ್ಲಿ ಇಟ್ಟುಕೊಂಡಳು. ಛಲೋ ಆತು, ಕೂಸಿಗೆ ಒಬ್ಬರಾದರು ಎಂದಳು. ಅವರ ಮನೆಗೆ ಹೋಗಿ ಹುಡುಗಿಗೆ ತಾನೇ ಟೋಪಿ ತೊಡಿಸಿ ಬಂದಳು. ಸರ್ ತಲೆ ಎತ್ತಿ ಅವಳನ್ನು ನೋಡಲಿಲ್ಲವಂತೆ. ಅವರಿಗೆ ಏನಾಗಿದೆ, ತಾನೇನಾದರೂ ತಪ್ಪು ಮಾತಾಡಿದೆನಾ ಎಂದು ನನ್ನನ್ನೇ ಕೇಳಿದಳು. ನಾನು ಗೊತ್ತಿಲ್ಲ ಎಂದೆ.

ಮರುವರ್ಷ ನಾನು ಮದುವೆಯಾಗಿ ನಿಪ್ಪಾಣಿಗೆ ಹೋದೆ. ಅಕ್ಕ ಹೋದರೆ ನನಗೆ ಯಾರು ಎಂದು ಹೆದರಿ ಅವಳ ದಾರಿ ಮುಚ್ಚಿದ ನಾನು, ನನ್ನ ದಾರಿ ಬಂದಾಗ ಒಂದು ಕ್ಷಣವೂ ಹಾಗೆ ಯೋಚಿಸಲಿಲ್ಲ. ಅಕ್ಕ ಮುಂದೆ ನಿಂತು ನನ್ನ ಮದುವೆ ಮಾಡಿದಳು. ಅವಳಿಗೆ ಅಥಣಿಗೆ ವರ್ಗವಾಯಿತು. ಒಬ್ಬಳೇ ಉಳಿದಳು.

ವರ್ಷಗಳ ನಂತರ, ಎಲ್ಲರ ಕೈಯಲ್ಲೂ ದೊಡ್ಡ ಫೋನು ಬಂದ ಕಾಲದಲ್ಲಿ, ಅಕ್ಕ ಒಂದು ಮಧ್ಯಾಹ್ನ ನಿಪ್ಪಾಣಿಗೆ ಬಂದು ಫೋನನ್ನು ನನ್ನ ಮುಂದೆ ಹಿಡಿದಳು. ಮೇಘಾಲಯದಲ್ಲಿ ಮರದ ಜೀವಂತ ಬೇರುಗಳನ್ನು ಹೆಣೆದು ಮಾಡಿದ ಸೇತುವೆ. ನಡೆ, ಈ ಸಲ ಮೂಡಣಕ್ಕೆ ಹೋಗೋಣ, ಬ್ರಹ್ಮಪುತ್ರಾ ನೋಡೋಣ, ಕೃಷ್ಣೆಗಿಂತ ಎಷ್ಟು ದೊಡ್ಡದಿದೆ ನೋಡೇ ಬಿಡೋಣ ಎಂದಳು. ಅದೇ ಮುಖ, ಅದೇ ಹುರುಪು. ನನ್ನ ಮನಸ್ಸೂ ಕುಣಿಯಿತು. ಯಾವ ತಿಂಗಳು, ಯಾವ ಗಾಡಿ, ಮೊದಲು ಗುವಾಹಟಿಯೋ ಎಂದು ಆಗಲೇ ಶುರು ಮಾಡಿದ್ದೆ. ನಡುವೆ ಅದು ನೆನಪಾಯಿತು. ಹೀಗೇ ಖುಷಿಯಾಗಿದ್ದಾಗಲೇ ಅಲ್ಲವೇ ನಾನು ಆ ಸುಳ್ಳು ಹೇಳಿದ್ದು!

ಹೇಳಿದೆ. ವರಾಂಡ, ಸರ್ ಕೇಳಿದ್ದು, ನಾನು ಕೊಟ್ಟ ಉತ್ತರ, ಮನಾಲಿಯ ಬೂತು, ಎಲ್ಲ. ಕ್ಷಮಿಸು ಎಂದೆ.

ಅಕ್ಕ ಅಳಲಿಲ್ಲ, ಬಯ್ಯಲೂ ಇಲ್ಲ. ಫೋನನ್ನು ಚೀಲಕ್ಕೆ ಹಾಕಿಕೊಂಡು ಹೇಳಿದಳು: "ನಾ ಹೂಂ ಅಂತಿದ್ನೋ ಒಲ್ಲೆ ಅಂತಿದ್ನೋ, ನನಗೂ ಗೊತ್ತಿಲ್ಲ. ಆದ್ರ ನನ್ನ ಕೇಳಬೇಕಾಗಿತ್ತಲೇ."

ರಾವಸಾಹೇಬ ಸರ್‌ಗೆ ಹೇಳಲೇ ಎಂದು ವಿಚಾರಿಸಿದೆ. ಈ ಸಲವಾದರೂ ವಿಚಾರಿಸಿದೆ. ಬೇಡ, ಅವರ ಸಂಸಾರದೊಳಗೆ ಈಗ ಆ ಮಾತು ಯಾಕೆ ಎಂದಳು. ಚಹಾ ಕುಡಿಯದೆ ಬಸ್ಸಿಗೆ ಹೋದಳು.

ಮೇಘಾಲಯಕ್ಕೆ ಅವಳು ತನ್ನ ಆಸ್ಪತ್ರೆಯ ಇಬ್ಬರು ಗೆಳತಿಯರೊಂದಿಗೆ ಹೊರಟಳು. ದಾರಿ, ಊರು, ಗಾಡಿ ಎಲ್ಲ ತಾನೇ ಗೊತ್ತುಮಾಡಿದಳು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಮಿರಜ ಸ್ಟೇಷನ್ನಿಗೆ ಹೋದೆ. ಬಾ ಎಂದಿರಲಿಲ್ಲ, ಬರಬೇಡ ಎಂದೂ ಅಂದಿರಲಿಲ್ಲ. ಕಿಟಕಿಯಿಂದ ಅವಳು ನನಗೆ ಎಲ್ಲ ವಿವರಿಸಿದಳು — ಮೊದಲು ಚಹಾತೋಟ, ಆಮೇಲೆ ನದಿಯಲ್ಲಿ ದೋಣಿ, ಆಮೇಲೆ ಬೇರಿನ ಸೇತುವೆ. ಕಣ್ಣುಗಳು ಹೊಳೆಯುತ್ತಿದ್ದವು. ಇನ್ನೊಮ್ಮೆ ಕ್ಷಮೆ ಕೇಳಬೇಕೆಂದು ನಾಲಗೆಯ ತುದಿಗೆ ಬಂತು, ತಡೆದೆ. ಅವಳ ಆ ಹೊತ್ತಿನ ಸಂತೋಷದಿಂದ ನನಗಾಗಿ ಏನನ್ನಾದರೂ ಕೀಳುವ ಹಕ್ಕು ನನಗಿರಲಿಲ್ಲ. ಗಾಡಿ ಅಲುಗಿತು, ಕೈ ಬೀಸಿದಳು, ನಾನೂ ಬೀಸಿದೆ. ಅವಳ ಪಕ್ಕದ ಸೀಟು ನನ್ನದಾಗಬಹುದಿತ್ತು. ಆಗಬೇಕಿತ್ತು ಎನ್ನಲು ನನಗೆ ಬಾಯಿಲ್ಲ.