ಉದ್ದನೆಯ ಕುಣಿ

...ಅಥವಾ ಗಾಳಿ ಅಷ್ಟು ಜೋರಾಗಿ ಇರಲೇ ಇಲ್ಲವೇನೋ. ಚಿಗವ್ವನ ಸೆರಗು ಹಾರುತ್ತಿತ್ತು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಆದರೆ ಅಂದು ಅವಳು ಸೀರೆಯ ಮೇಲೆ ಸೈನ್ಯದವರು ಕೊಟ್ಟ ದಪ್ಪ ಕೋಟು ತೊಟ್ಟಿದ್ದಳು. ಸೆರಗು ಹಾರುವ ಮಾತೇ ಇಲ್ಲ. ಹೀಗೆ ಒಂದೊಂದನ್ನೇ ಅಳಿಸುತ್ತ ಹೋದರೆ ಉಳಿಯುವುದು ಒಂದು ಪ್ರಶ್ನೆ. ಅದನ್ನು ಕೇಳಲೆಂದೇ ಅವಳು ನಮ್ಮೂರು ಗಲಗಲಿಯಿಂದ ಅಷ್ಟು ದೂರದ ಗಡಿಗೆ ಬಂದಿದ್ದಳು.

ಅವಳ ಗಂಡ, ನನ್ನ ಕಾಕಾ, ಹಿಮದ ಗಡಿಯಲ್ಲಿ ನಡೆದ ಯುದ್ಧದಲ್ಲಿ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಕೃಷ್ಣೆಯ ದಂಡೆಯ ಹೊಲದಲ್ಲಿ ಅದಕ್ಕೆ ತಕ್ಕಂತೆ ಕುಣಿಯನ್ನು ಚೌಕವಾಗಿ, ಆಳವಾಗಿ ತೋಡಿ ಕಾಯುತ್ತಿದ್ದರು. ಬಂದದ್ದು ಉದ್ದನೆಯ ಪೆಟ್ಟಿಗೆ. ತೆರೆಯಬೇಡಿ ಎಂದರು. ಸಲಾಮಿ ಕೊಡಲು ಬಂದ ಸೈನಿಕರು ಬಂದೂಕು ಹಿಡಿದು ಕಾಯುತ್ತಿರುವಾಗಲೇ ನಮ್ಮವರು ಧೋತರ ಮೇಲೆ ಕಟ್ಟಿಕೊಂಡು, ಗುದ್ದಲಿ ಹಿಡಿದು, ಕುಣಿಯನ್ನು ಉದ್ದ ಮಾಡಿದರು. ನಾನಾಗ ಚಿಕ್ಕವನು, ಇದರಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು ಹೇಳಲಾರೆ. "ಅಡ್ಡ ಮಲಗಿಸಿ ಕಳಿಸಿದ್ವಿ ಅವರ್ನ," ಎನ್ನುತ್ತಿದ್ದಳು ಚಿಗವ್ವ, ರೊಟ್ಟಿ ಬಡಿಯುತ್ತ, ಯಾರೂ ಏನೂ ಕೇಳದಿದ್ದರೂ.

ಎಷ್ಟೋ ವರ್ಷಗಳ ಮೇಲೆ ಒಂದು ದಿನ ಸೈನ್ಯದವರ ಫೋನು ಬಂತು. ಈಗ ಶಾಂತವಾಗಿರುವ ಆ ಗಡಿಗೆ ರಾಷ್ಟ್ರಪತಿಗಳು ಹೋಗುತ್ತಿದ್ದಾರೆ, ಸತ್ತವರ ಮನೆಯವರು ಕೆಲವರು ಬರಬಹುದು, ಹೆಚ್ಚು ಸುದ್ದಿ ಮಾಡಬೇಡಿ. ಹಿಂದಿ ಬರುತ್ತದೆಂದು ಮನೆಯವರು ನನ್ನನ್ನು ಬನಹಟ್ಟಿಯಿಂದ ಕರೆಸಿ ಅವಳ ಜೊತೆ ಕಳಿಸಿದರು.

ತಪಾಸಣೆಯಲ್ಲಿ ಪೊಲೀಸ್ ಹೆಣ್ಣುಮಗಳೊಬ್ಬಳು ಚಿಗವ್ವನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿ, ತೆಗೆದು ಕೊಡಿ ಎಂದಳು.

"ಇದನ್ನ ನನ್ನ ಗಂಡಾನೂ ತಗೀ ಅಂದಿಲ್ಲ. ಹೇಳಪಾ ಈಕಿಗೆ."

ಇದು ದೇವರು ಎಂದಷ್ಟೇ ಹಿಂದಿಯಲ್ಲಿ ಹೇಳಿದೆ. ಪೊಲೀಸಿನವಳು ಕರಡಿಗೆಗೆ ಕೈ ಮುಗಿದು ನಮ್ಮನ್ನು ಒಳಗೆ ಬಿಟ್ಟಳು.

ರಾಷ್ಟ್ರಪತಿಗಳು ಭಾಷಣ ಮಾಡಲಿಲ್ಲ. ಕ್ಯಾಮೆರಾ ಇರಲಿಲ್ಲ, ಇದ್ದರೂ ನಾನು ನೋಡಲಿಲ್ಲ. ಹೆಸರು ಕೆತ್ತಿದ ಗೋಡೆಗೆ ಹೂವಿಟ್ಟು, ಒಬ್ಬೊಬ್ಬರ ಮುಂದೆ ನಿಂತು, ಏನಾದರೂ ಬೇಕೇ ಎಂದು ಮೆಲ್ಲಗೆ ಕೇಳುತ್ತ ಬಂದರು. ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಅವರ ಕೈ ಹಿಡಿದುಕೊಂಡಳು.

"ಏನೂ ಬ್ಯಾಡ್ರಿ ನಮಗ. ನಮ್ಮವ್ರು ಜೀವಾ ಬಿಡೂ ಮುಂದ ಕುಂತಿದ್ರೋ, ಮಲ್ಕೊಂಡಿದ್ರೋ? ಅಷ್ಟ ಹೇಳ್ರಿ."

ಹಿಂದಿಯಲ್ಲಿ ಹೇಳುವಾಗ ನಾನು ತಡವರಿಸಿದೆ.

"ಲೇ ತಮ್ಮಾ, ಕುಣೀದೂ ಹೇಳೋ. ಇಲ್ಲಂದ್ರ ಅವರಿಗೆ ಹ್ಯಾಂಗ ತಿಳೀತದ?" ಎಂದು ಗದರಿದಳು.

ಕುಣಿಯದ್ದೂ ಹೇಳಿದೆ. ರಾಷ್ಟ್ರಪತಿಗಳು ಕೈ ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ತಿರುಗಿ, ಕಾಕಾನ ತುಕಡಿಯಲ್ಲಿದ್ದ ಹಳೆಯ ಸುಬೇದಾರರನ್ನು ಹತ್ತಿರ ಕರೆದು ಕೇಳಿದರು. ಬಂಡೆಗೆ ಬೆನ್ನು ಕೊಟ್ಟು ಕೂತಿದ್ದ, ಕೂತಲ್ಲೇ ಹೋದ, ನಾನೇ ಕಂಡಿದ್ದೇನೆ ಎಂದರು ಸುಬೇದಾರರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಹಂಗಾರ ಆತು ಬಿಡ್ರಿ," ಎಂದಳು ಚಿಗವ್ವ. ರಾಷ್ಟ್ರಪತಿಗಳ ಕೈಯನ್ನು ಆಗ ಬಿಟ್ಟಳು.

ಊರಿಗೆ ಬಂದ ಮೇಲೆ ಮಠದ ಐನಾರನ್ನು ಕರೆಸಿ ಹೊಲದಲ್ಲಿದ್ದ ಕಾಕಾನ ಗದ್ದಿಗೆಗೆ ಪೂಜೆ ಮಾಡಿಸಿದಳು. ಬಂದವರಿಗೆಲ್ಲ ಅದೇ ಸುದ್ದಿ: "ಅವ್ರು ಕುಂತ ಹೋಗ್ಯಾರ. ನಾವು ಮಲಗಿಸಿದ್ರ ಏನಾತು?" ನೆರೆಮನೆಯಾಕೆ ಚುಡಾಯಿಸಿದಳು: "ಮದುವಿ ಮನ್ಯಾಗೂ ಒಂದ ಕಡೆ ಕುಂತವರಲ್ಲ, ಅಲ್ಲಿ ಹೋಗಿ ಕುಂತ್ರನ ಬೇ?" ಚಿಗವ್ವ ನಕ್ಕುಬಿಟ್ಟಳು. ಕಾಕಾನ ಮಾತು ಬಂದಾಗ ಅವಳು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವಳು ಹೇಳುವಂತೆ ಸುಬೇದಾರರು ಕೇಳಿದ ತಕ್ಷಣ ಉತ್ತರಿಸಿದರು. ನನ್ನ ನೆನಪಿನಲ್ಲಿ ಅವರು ಮೊದಲು ರಾಷ್ಟ್ರಪತಿಗಳ ಮುಖ ನೋಡುತ್ತಾರೆ, ಆಮೇಲೆ ಚಿಗವ್ವನದು, ಆಮೇಲೆ ಬಾಯಿ ತೆರೆಯುತ್ತಾರೆ. ಆ ನೋಟವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಸುಬೇದಾರರನ್ನು ಹುಡುಕಿ ಇನ್ನೊಮ್ಮೆ ಕೇಳುವುದು ಕಷ್ಟವಲ್ಲ. ಕೇಳಿಲ್ಲ, ಚಿಗವ್ವ ಇರುವತನಕ ಕೇಳುವುದೂ ಇಲ್ಲ. ಕಾಕಾ ಕೂತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.