ಫರಸಿಯ ಮೇಲಿನ ಊರು

ಮೂಲಿಮನಿ ಆಯಿಯ ಕಿವಿಯ ತೂತುಗಳಲ್ಲಿ ಆಕಾಶ ಕಾಣುತ್ತಿತ್ತು. ಗಂಡ ಸತ್ತ ದಿನ ಬೆಂಡೋಲೆ ಬಿಚ್ಚಿಸಿದ್ದರಂತೆ. ಭಾರಕ್ಕೆ ಜಗ್ಗಿದ ಹಾಲೆ ಮತ್ತೆ ಮೇಲೇರಲೇ ಇಲ್ಲ. ಆಕೆ ಕಟ್ಟೆಯ ಮೇಲೆ ಬಾಗಿ ಕವಡೆ ಕುಲುಕುವಾಗ ಆ ತೂತುಗಳು ಅಲ್ಲಾಡುತ್ತಿದ್ದವು, ಬೇರೆ ಯಾರದೋ ಕಣ್ಣುಗಳು ನನ್ನನ್ನು ನೋಡಿದ ಹಾಗೆ.

ನಮ್ಮ ಕಾಕಾ ಆಕೆಯ ಆಟಕ್ಕೆ ಕೂತ ಮಧ್ಯಾಹ್ನ ಏನೇನು ಕೆಡಬಹುದು ಎಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ಚಿಂತೆ ಮಾಡುವುದೊಂದು ವಿದ್ಯೆಯಾದರೆ ನಾನು ಹುಟ್ಟಾ ವಿದುಷಿ. ಕಾಕಾ ಕಟ್ಟೆಯ ಫರಸಿಕಲ್ಲಿಗೆ ಒದೆಯಬಹುದು. ಆಯಿಯ ಮೇಲೆ ಕೈಯೆತ್ತಬಹುದು. ಮರುದಿನ ಹಲ್ಲು ಕೀಳಲು ಬರಬೇಕಾಗಿದ್ದ ಮಂತ್ರವಾದಿ ಇಕ್ಕಳ ಹಿಡಿದು ಮುಂಚೆಯೇ ಬಂದುಬಿಡಬಹುದು. ಕಾಕಾನ ಮಗಳು ಒಳಗಿನಿಂದ ಮತ್ತೆ ನಾಯಿಯ ಹಾಗೆ ಬೊಗಳಬಹುದು. ನನಗೂ ಬೊಗಳು ಬರಬಹುದು. ಈ ಕೊನೆಯದಕ್ಕಾಗಿ ಗಂಟಲು ಮುಟ್ಟಿ ಮುಟ್ಟಿ ನೋಡಿಕೊಂಡೆ. ಈಗಲೂ ಕೆಮ್ಮು ಬಂದರೆ ಮುಟ್ಟಿಕೊಳ್ಳುತ್ತೇನೆ. ಮನೆಯವರಿಗೆ ಥೈರಾಯ್ಡ್ ಅಂತ ಹೇಳಿದ್ದೇನೆ.

ಜಹೀರಾಬಾದಿನ ನಮ್ಮ ಓಣಿಯ ತಿರುವಿನಲ್ಲಿತ್ತು ಆಯಿಯ ಮನೆ. ಹೈದರಾಬಾದ್ ರಾಜ್ಯವನ್ನು ಹರಿದು ಹಂಚಿ ಕೆಲವು ವರ್ಷ ಕಳೆದಿದ್ದವು. ಬೀದರಿನ ನೆಂಟರು ಒಂದು ರಾಜ್ಯ, ನಾವು ಇನ್ನೊಂದು. ಆಯಿ ಮಾತ್ರ ತನ್ನ ಊರನ್ನು ತಾನೇ ಬರೆದುಕೊಳ್ಳುತ್ತಿದ್ದಳು. ಕಟ್ಟೆಗೆ ಹಾಸಿದ ತಾಂಡೂರಿನ ಫರಸಿಯ ಮೇಲೆ ಇದ್ದಿಲಿನಿಂದ ಬಾವಿ, ಗಿರಣಿ, ದರ್ಗಾ, ಅಗಸರ ಮನೆ, ಗೌಡರ ಮನೆ. ಓಣಿಯ ಮಕ್ಕಳು ನಾವು ಕವಡೆ ಎಸೆಯಬೇಕು. ಅದು ಉರುಳಿ ಯಾವ ಮನೆಯಲ್ಲಿ ನಿಂತಿತೋ ಆ ಮನೆಯವರು ನಾವು. ಆಮೇಲೆ ಆಯಿ ಊರಿಗೆ ಏನಾದರೊಂದು ತಂದಿಡುತ್ತಿದ್ದಳು: ಬಾವಿ ಬತ್ತಿತು, ಎಮ್ಮೆ ಕಳೆಯಿತು. ನಾವು ಆ ಮನೆಯವರಾಗಿ ಉತ್ತರ ಕೊಡಬೇಕು. ಗೆಲುವಿಲ್ಲ, ಸೋಲಿಲ್ಲ. ಆಡುವುದಕ್ಕೆ ನೇಮ ಒಂದೇ.

“ಮುಂಜಾನಿ ಅವ್ರು ಏನ್ ತಿಂದಾರ, ಅದು ಹೇಳು. ಆಮ್ಯಾಲ ಅವ್ರ ಬಾಯಿಲೆ ಮಾತಾಡು.”

ಒಮ್ಮೆ ಪಕ್ಕದ ಮನೆಯ ಹುಡುಗನ ಕವಡೆ ದರ್ಗಾದ ಮೇಲೆ ನಿಂತಿತು; ಅವನು ಅಲ್ಲಿಯ ಫಕೀರನಾಗಬೇಕು. ಅವನು ಕಣ್ಣು ಮೇಲೆ ಮಾಡಿ, ಕುಂಟಿ, ತೊದಲು ದಖನಿ ಉರ್ದುವಿನಲ್ಲಿ ಭಿಕ್ಷೆ ಬೇಡಿದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆಯಿ ಕವಡೆಗಳನ್ನು ಬೋರಲು ಹಾಕಿದಳು.

“ಇವ ಫಕೀರ ಅಲ್ಲೋ. ನಿಮ್ಮನ್ಯಾಗ ಫಕೀರಗ ಆಡ್ಕೋತಾರಲ್ಲ, ಅದು ಇದು. ಏನ್ ತಿಂದಾನ ಹೇಳು.”

ಹುಡುಗ ಕುಂಟುವುದು ಬಿಟ್ಟು ಕೂತ. ಕೊನೆಗೆ, ತಂಗಳು ರೊಟ್ಟಿ, ಅರ್ಧ ನಾಯಿಗೆ ಹಾಕ್ಯಾನ, ಅಂದ. ಅದಾದ ಮೇಲೆ ಅವನಾಡಿದ ಮಾತು ಅವನ ವಯಸ್ಸಿನದಾಗಿರಲಿಲ್ಲ. ಮಟಮಟ ಬಿಸಿಲು, ಕೈಯೂರಿದರೆ ಫರಸಿ ಮಾತ್ರ ಬಾವಿಯ ತಳದ ಹಾಗೆ ತಣ್ಣಗೆ. ಯಾರೂ ನಗಲಿಲ್ಲ.

ಆ ಬೇಸಿಗೆಯಲ್ಲೇ ಕಾಕಾನ ಮಗಳು ಬಿದ್ದು ಹೊರಳಾಡಿ ಬೊಗಳತೊಡಗಿದ್ದು. ಬಾನಾಮತಿ ಅಂದರು ಓಣಿಯವರು, ಮಾಟ. ಮಾಡಿದವಳು ಯಾರು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ: ಓಣಿಯ ಕೊನೆಯ ಬೇವಿನ ಮರದ ಹತ್ತಿರ ಒಬ್ಬಳೇ ಇರುವಾಕೆ. ಮಕ್ಕಳಿಲ್ಲ, ಯಾರ ಜೊತೆಗೂ ಮಾತಿಲ್ಲ. ಇನ್ನೇನು ಸಾಕ್ಷಿ ಬೇಕು? ಹಲ್ಲು ಕಿತ್ತರೆ ಅಂಥವರ ಮಂತ್ರ ಬಾಯಲ್ಲಿ ನಿಲ್ಲುವುದಿಲ್ಲ ಎಂಬ ನಂಬಿಕೆ. ನಾರಾಯಣಖೇಡದ ಕಡೆಯಿಂದ ಮಂತ್ರವಾದಿ ಮರುದಿನ ಬರುವುದೆಂದು ಗೊತ್ತಾಯಿತು. ಓಣಿಯ ಹಿರಿಯಳಾದ ಆಯಿ ಹೂಂ ಅನ್ನದೆ ಯಾರೂ ಮುಂದೆ ಬರುವಂತಿರಲಿಲ್ಲ. ಅದಕ್ಕೇ ಆ ಮಧ್ಯಾಹ್ನ ಕಾಕಾ ಕಟ್ಟೆಗೆ ಬಂದಿದ್ದ.

“ಒಂದ್ ಆಟ ಆಡು,” ಅಂದಳು ಆಯಿ. “ಆಮ್ಯಾಲ ನಿನ್ನ ಮನಸಿಗಿ ಬಂದಂಗ ಮಾಡು.”

“ಮಗಳು ಸಾಯಾಕತ್ಯಾಳ, ನಿಮಗ ಆಟ ಹೊಳೀತದೇನ್ರಿ ಆಯಿ?”

ಬೈಯುತ್ತಲೇ ಕೂತ, ಕವಡೆ ಎಸೆದ. ಆ ದಿನದ ಊರಿನಲ್ಲಿ ಒಂದು ಬೇವಿನ ಮರವೂ ಇತ್ತು. ಅದನ್ನು ಆಯಿ ಯಾವಾಗ ಬರೆದಳೋ ನಾನು ಕಾಣೆ. ಕವಡೆ ಗಿರಣಿ ದಾಟಿ, ಬಾವಿ ದಾಟಿ, ಇಳಿಜಾರಿಲ್ಲದ ಕಲ್ಲಿನ ಮೇಲೆ ನಿಧಾನ ಉರುಳಿ ಅಲ್ಲಿಗೇ ಹೋಯಿತು.

“ನಾಳಿ ನಿನ್ನ ಹಲ್ಲು ಕೀಳಾಕ ಬರ್ತಾರ,” ಅಂದಳು ಆಯಿ, ಎದುರಿಗೆ ಆ ಹೆಂಗಸೇ ಕೂತಂತೆ. “ಏನಂತಿ? ಮೊದಲ, ಏನ್ ತಿಂದಿ ಹೇಳು.”

“ಕೋಳಿ ರಗತ ಕುಡದಾಳ. ಮತ್ತೇನ್ ತಿಂತಾಳ ಅಂಥಾಕಿ.”

“ಯಾರ ಕೋಳಿ ಹೋಗ್ಯಾದ ಓಣ್ಯಾಗ?”

ಯಾರದೂ ಹೋಗಿರಲಿಲ್ಲ.

“ಗೊತ್ತಿಲ್ಲಂದ್ರ ಹೋಗಿ ನೋಡಿ ಬಾ. ನಾ ಆಟ ಹಿಡದಿರ್ತೀನಿ.”

ಕಾಕಾ ಸಿಟ್ಟಿನಿಂದಲೇ ಎದ್ದು ಹೋದ. ನಾವು ಕಾದೆವು. ಬಿಸಿಲಿನಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ತಿರುಗಿ ಬಂದವನು ಕಟ್ಟೆಯ ಮೇಲೆ ಕಾಲು ಮಡಚಿ, ಸೆರಗು ಹೊದ್ದವರ ಹಾಗೆ ಭುಜ ಕುಗ್ಗಿಸಿ ಕೂತ. ಅಣಕವಲ್ಲ; ಅವನಿಗೆ ಅದು ಗೊತ್ತೇ ಇರಲಿಲ್ಲ.

“ಏನೂ ತಿಂದಿಲ್ರಿ,” ಅಂದ. ತೆಳ್ಳನೆಯ ದನಿ, ಬಹಳ ದಿನ ಬಳಸದೆ ಬಿಟ್ಟದ್ದು. “ಹಿಟ್ಟ ಅದ. ನಾದಾಕ ನೀರಿಲ್ಲ. ಬಾವಿಗಿ ಬಿಡವಲ್ರು.”

ಬಾವಿಗೆ ಬಿಡಬೇಡಿ ಅಂತ ಓಣಿಗೆಲ್ಲ ಹೇಳಿದವನು ಕಾಕಾನೇ.

ಆಯಿ ಮುಂದಿನ ಪ್ರಶ್ನೆ ಕೇಳಲಿಲ್ಲ. ಕವಡೆಗಳನ್ನು ಬಳಿದು ಸೆರಗಿಗೆ ಕಟ್ಟಿಕೊಂಡಳು. ಕಾಕಾ ಎದ್ದು ಮನೆಗೆ ಹೋಗಿ ಕೊಡ ತಂದ, ಎಲ್ಲರೂ ನೋಡುತ್ತಿದ್ದಂತೆ ನೀರು ಸೇದಿ ಬೇವಿನ ಮರದ ಕಡೆ ನಡೆದ. ಮರುದಿನ ಮಂತ್ರವಾದಿಯನ್ನು ಬಸ್ಸಿನಿಂದ ಇಳಿಯಲೂ ಬಿಡಲಿಲ್ಲ. ಮಗಳನ್ನು ಸರ್ಕಾರಿ ದವಾಖಾನೆಗೆ ತೋರಿಸಿದ, ಗುಳಿಗೆ ಶುರುವಾದವು, ಅವಳ ಬೊಗಳು ತನ್ನ ಪಾಡಿಗೆ ತಾನು ಕಡಿಮೆಯಾಗುತ್ತ ಬಂದು ನಿಂತಿತು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ನನ್ನಂಥವಳಿಗೆ ಇದಕ್ಕಿಂತ ಅವಮಾನವಿಲ್ಲ.

ಇಂಥವರು ಹೀಗೇ ಅಂತ ಯಾರ ಬಗೆಗಾದರೂ ನಾಲಿಗೆ ತುದಿಗೆ ಬಂದಾಗ ನಾನು ಇವತ್ತಿಗೂ ಅವರ ಬೆಳಗಿನ ಊಟ ಯೋಚಿಸುತ್ತ ಕೂತುಬಿಡುತ್ತೇನೆ. ಅಷ್ಟರಲ್ಲಿ ಮಾತಾಡುವ ಸರದಿ ದಾಟಿರುತ್ತದೆ. ಜನ ನನ್ನನ್ನು ಸೌಮ್ಯ ಸ್ವಭಾವದವಳು ಅನ್ನುತ್ತಾರೆ.

ಆಯಿ ತೀರಿಹೋಗುವ ಮುಂಚೆ ನನ್ನನ್ನು ಕರೆಸಿದ್ದಳು. ನನಗೆ ಆಗಲೇ ಮದುವೆಯಾಗಿತ್ತು. ಆಟ ಮುಗಿದಾಗ ಆಕೆ ಒಬ್ಬೊಬ್ಬರನ್ನೂ ಅವರವರ ಸ್ವಂತ ಹೆಸರು ಹಿಡಿದು ವಾಪಸು ಕರೆಯುತ್ತಿದ್ದಳು; “ಬಂದೆ” ಅಂದ ಮೇಲೆಯೇ ನಾವು ಕಟ್ಟೆ ಇಳಿಯಬೇಕು. ಚಿಕ್ಕವರನ್ನು ನಗಿಸುವ ಚೇಷ್ಟೆ ಅಂದುಕೊಂಡಿದ್ದೆವು.

“ಅವತ್ತ ನಿಮ್ಮ ಕಾಕಾನ್ನ ಕರೀಲಿಲ್ಲ, ತಂಗಿ,” ಅಂದಳು. “ಕೊಡಾ ತರಾಕ ಎದ್ದ. ನಾನೂ ಮರತೆ.”

ಏನೂ ಆಗಿಲ್ಲ ಆಯಿ, ಚಂದ ಇದ್ದಾನೆ, ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಾನು ಹಾಗೆಯೇ ನಂಬಿದ್ದೆ. ಆಯಿಯನ್ನು ಮಣ್ಣು ಮಾಡಿ ಬಂದ ರಾತ್ರಿ ಕಾಕಾನ ಮನೆಯಲ್ಲೇ ಉಳಿದೆ. ಬೆಳಗಾಗುವಾಗ ನೋಡಿದೆ: ಕಾಕಾ ಹಾಸಿಗೆಯಲ್ಲಿ ಎದ್ದು ಕೂತು, ಯಾರ ಜೊತೆಗೂ ಮಾತಾಡುವ ಮೊದಲು, ಬೆರಳಿನಿಂದ ತನ್ನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ದಿನಾ ಹಿಂಗೇ, ಆ ವರ್ಷದಿಂದ, ಅಂದಳು ಕಾಕಿ, ಒಲೆ ಊದುತ್ತ.