ಹಿಮದ ಮೇಲಿನ ಕಪ್ಪು ಚುಕ್ಕೆ

ದೆವ್ವ, ಮಾಟ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಇಂಥ ದಿನ, ಇಷ್ಟು ಗಂಟೆ, ಇಷ್ಟು ಚಿತ್ರ ಎಂದು ದಿನಚರಿಯಲ್ಲಿ ಬರೆದಿಟ್ಟದ್ದನ್ನು ಮಾತ್ರ ನಂಬುವವನು ನಾನು. ಈಗಲೂ ಆ ದಿನಚರಿಯನ್ನು ಎದುರಿಗಿಟ್ಟುಕೊಂಡೇ ಕೂತಿದ್ದೇನೆ. ತೊಂದರೆ ಏನೆಂದರೆ, ಈ ಸಲ ನಂಬಲಾಗದ್ದು ಇರುವುದು ನನ್ನದೇ ಅಕ್ಷರದಲ್ಲಿ.

2003ರ ಬೇಸಿಗೆ. ಗಂಗಾವತಿಯ ಒಂದು ಚಿತ್ರಕಲಾ ಶಾಲೆಯಲ್ಲಿ ನಾನೂ ಶರಣಪ್ಪನೂ ಕೊನೆಯ ವರ್ಷದಲ್ಲಿದ್ದೆವು. ನಾನು ಕುಷ್ಟಗಿಯವನು, ಅವನು ನವಲಿಯ ಭತ್ತ ಬೆಳೆಯುವ ಮನೆಯವನು. ಒಂದೇ ಬಾಡಿಗೆ ಕೋಣೆ, ಒಂದೇ ಸ್ಟೋವ್. ಅವನ ಅಣ್ಣ ಮಿಲಿಟರಿಯಲ್ಲಿದ್ದ. ಅವನನ್ನು ನೋಡಲೆಂದು ಹಿಮಾಚಲಕ್ಕೆ ಹೋದ ಶರಣಪ್ಪ ಎರಡು ತಿಂಗಳು ಅಲ್ಲೇ ಇದ್ದು ಬಂದ. ಬಂದ ಮೇಲೆ ಹಿಮದ ಗುಡ್ಡ ಬಿಟ್ಟು ಬೇರೇನನ್ನೂ ಬಿಡಿಸಲಿಲ್ಲ. ಹೊರಗೆ ಬಂಡೆಗಳು ಕಾದು ಕೈ ಇಡಲಾಗದಂತೆ ಆಗಿರುತ್ತಿದ್ದವು. ಇವನು ಬನಿಯನ್ ತೊಟ್ಟು, ಬೆವರು ಹಾಳೆಗೆ ಬೀಳದಂತೆ ಹಣೆಗೆ ಟವೆಲ್ ಕಟ್ಟಿಕೊಂಡು ಹಿಮ ಬಿಡಿಸುತ್ತಿದ್ದ.

ಬಿಡಿಸುತ್ತಿದ್ದ ಎನ್ನುವುದೂ ತಪ್ಪೇ. ಜಲವರ್ಣದಲ್ಲಿ ಹಿಮಕ್ಕೆ ಬಿಳಿ ಬಣ್ಣ ಹಚ್ಚುವುದಿಲ್ಲ. ಸುತ್ತಲಿನ ನೆರಳನ್ನಷ್ಟೇ ಹಚ್ಚಿ, ಹಿಮದ ಜಾಗದಲ್ಲಿ ಹಾಳೆಯನ್ನು ಹಾಗೇ ಬಿಡಬೇಕು. ಅವನಿಗೆ ಹೀಗೆ ಬಿಡುವುದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆ ವರ್ಷ ನಾನು ಮುಗಿಸಿದ್ದು ನಲವತ್ತೊಂದು ಚಿತ್ರ, ಅವನು ಒಂಬತ್ತು. ನನ್ನ ಸಾಣಾಪುರದ ಕೆರೆ, ಹರಿಗೋಲು, ಬಂಡೆ ಎಲ್ಲವನ್ನೂ ನೋಡಿ ಮಾಸ್ತರು ತಲೆಯಾಡಿಸುತ್ತಿದ್ದರು. ಅವನ ಒಂದು ಹಾಳೆಯ ಮುಂದೆ ಮಾತ್ರ ಸುಮ್ಮನೆ ನಿಲ್ಲುತ್ತಿದ್ದರು. ಹೊಟ್ಟೆಕಿಚ್ಚು ಎಂದರೆ ಏನೆಂದು ನಾನು ಕಲಿತದ್ದು ಆ ಸುಮ್ಮನೆ ನಿಲ್ಲುವುದನ್ನು ನೋಡಿ.

ಧಾರವಾಡದ ಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಒಂದೇ ಚಿತ್ರ ಹೋಗುತ್ತಿತ್ತು. ಶನಿವಾರ ಆಯ್ಕೆ. ಅದಕ್ಕೂ ಮುಂಚಿನ ಸೋಮವಾರ ಶರಣಪ್ಪ ನೆಂಟರ ಮದುವೆಗೆಂದು ಊರಿಗೆ ಹೋಗಿದ್ದ. ಮಧ್ಯಾಹ್ನ ಎರಡೂವರೆಗೆ, ಮುಗಿದಿದ್ದ ಅವನ ಚಿತ್ರದ ಮುಂದೆ ನಿಂತು, ನೀರಿಗೂ ಹೋಗದ ಕಪ್ಪು ಶಾಯಿಯಲ್ಲಿ ನಿಬ್ಬು ಅದ್ದಿ, ಬಿಳಿ ಇಳಿಜಾರಿನ ಮೇಲೆ ಒಂದು ಹನಿ ಒತ್ತಿದೆ. ಬಿಟ್ಟ ಹಾಳೆಗೆ ಕಲೆ ಬಿದ್ದರೆ ಚಿತ್ರ ಕೆಟ್ಟಂತೆಯೇ. ಆಮೇಲೆ ಅಭ್ಯಾಸದಂತೆ ಸ್ಕೇಲು ಇಟ್ಟು ಅಳೆದು ಬರೆದೆ: ಕೆಳಗಿನ ಅಂಚಿನಿಂದ ಎಂಟು ಸೆಂಟಿಮೀಟರ್.

ಸಂಜೆ ಅವನು ಬಂದ. ಜಗಳಕ್ಕೆ ಸಿದ್ಧನಾಗಿದ್ದೆ. ಅವನು ಚಿತ್ರದ ಮೇಲೆ ಬಗ್ಗಿ, ಆ ಹನಿಯಲ್ಲಿ ಒಬ್ಬ ಮನುಷ್ಯನನ್ನು ಕಂಡವನಂತೆ ಬಹಳ ಹೊತ್ತು ನೋಡಿ, "ಯಾರ್ಲೇ ಇಂವಾ?" ಎಂದ.

"ನಿಬ್ಬ ಝಾಡಸೂ ಮುಂದ ಶಾಯಿ ಸಿಡದಿರಬೇಕು," ಎಂದೆ.

"ಇರ್ಲಿ ಬಿಡು. ಒಬ್ನ ಅದಾನ, ಪಾಪ."

ಅವನು ಅಷ್ಟಕ್ಕೇ ಬಿಟ್ಟದ್ದಕ್ಕೆ ನನಗೆ ಇನ್ನಷ್ಟು ಉರಿಯಿತು. ಮರುದಿನ, ಕಲೆ ಎಷ್ಟು ಕೆಟ್ಟದಾಗಿ ಕಾಣುತ್ತದೆಂದು ನೋಡುವ ಆಸೆಯಿಂದಲೇ ಮತ್ತೆ ಅಳೆದೆ. ಎಂಟು ಪಾಯಿಂಟ್ ನಾಲ್ಕು. ಮೊದಲು ತಪ್ಪು ಅಳೆದಿರಬೇಕು ಎಂದುಕೊಂಡೆ. ಬುಧವಾರ ಒಂಬತ್ತು ಪಾಯಿಂಟ್ ಒಂದು. ಸ್ಕೇಲು ಬದಲಿಸಿದೆ, ಅಷ್ಟೇ ಬಂತು. ಸೆಕೆಗೆ ಹಾಳೆ ಹಿಗ್ಗಿತೇನೋ ಎಂದು ಇಡೀ ಹಾಳೆಯನ್ನೇ ಅಳೆದೆ. ಅದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಶುಕ್ರವಾರ ಹತ್ತು ಪಾಯಿಂಟ್ ಎರಡು. ಮೂಲ ಜಾಗದಲ್ಲಿ ಹಾಳೆ ಬೆಳ್ಳಗಿತ್ತು. ಕಲೆ ಇಳಿಜಾರನ್ನು ಏರುತ್ತಿತ್ತು.

ಶನಿವಾರ ಮಾಸ್ತರು ನನ್ನ ಕೆರೆಯನ್ನು ಒಂದು ಗಳಿಗೆ ನೋಡಿ ಪಕ್ಕಕ್ಕಿಟ್ಟರು. ಶರಣಪ್ಪನ ಗುಡ್ಡದ ಮುಂದೆ ನಿಂತು, ಬೆರಳನ್ನು ಆ ಚುಕ್ಕೆಯ ಹತ್ತಿರ ಒಯ್ದರು. "ಈ ಮನುಷ್ಯಾನ್ನ ಇಟ್ಟೆಲ್ಲ, ಅದಕ್ಕ ಗುಡ್ಡ ದೊಡ್ಡದಾತು ನೋಡು. ಇದನ್ನ ಕಳಸೂಣು."

"ಅಂವನ್ನ ನಾ ಇಟ್ಟಿಲ್ಲರಿ ಸರ್," ಎಂದ ಶರಣಪ್ಪ. "ತಾನ ಬಂದಾನ."

ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಅವನು ನಗದೆ ನನ್ನ ಕಡೆ ತಿರುಗಿ ಕಾದ. ಅದು ನನ್ನದು ಎಂದು ಹೇಳಬಹುದಿತ್ತು. ಹೇಳಿದರೆ ಅದನ್ನು ಯಾಕೆ ಹಾಕಿದೆ ಎಂಬುದನ್ನೂ ಹೇಳಬೇಕಿತ್ತು. ಐದು ವರ್ಷ ನಾನು ಕಾದ ಮೆಚ್ಚುಗೆ ನನ್ನ ಕೈಯ ಒಂದು ಹನಿಗೆ ಸಿಕ್ಕು, ಅವನ ಹೆಸರಿನಲ್ಲಿ ಧಾರವಾಡಕ್ಕೆ ಹೋಯಿತು. ಮಾಸ್ತರು ಅಂದೇ ಅದಕ್ಕೆ ಗಾಜು ಕೂರಿಸಿ, ಹಿಂದೆ ಕಾಗದ ಅಂಟಿಸಿ, ಅಂಚಿಗೆಲ್ಲ ಶಾಲೆಯ ಮೊಹರು ಒತ್ತಿಸಿದರು.

ಚಿತ್ರ ಮರಳಿದ್ದು ಜೂನ್ ಕೊನೆಯಲ್ಲಿ. ಮೊಹರುಗಳನ್ನು ನಾನೇ ನೋಡಿದೆ, ಒಂದೂ ಬಿರಿದಿರಲಿಲ್ಲ. ಗಾಜಿನೊಳಗೆ ಗುಡ್ಡವಿತ್ತು, ಚುಕ್ಕೆ ಇರಲಿಲ್ಲ. ಬಿಚ್ಚಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆರೆದಿದ್ದರೆ ಅಲ್ಲಿ ತೆಳುವಾಗಿರಬೇಕಿತ್ತು. ಎಲ್ಲ ಕಡೆಯೂ ಒಂದೇ ದಪ್ಪ. ದಿನಚರಿ ತೆಗೆದು ಆ ವಾರದ ಅಳತೆಗಳನ್ನೆಲ್ಲ ಮತ್ತೆ ಓದಿದೆ.

ಶರಣಪ್ಪ ಅಕ್ಕಿ ತೊಳೆಯುತ್ತಿದ್ದವನು ಕತ್ತೆತ್ತಿ ನೋಡಿದ. "ದಾಟಿ ಹೋಗ್ಯಾನ," ಎಂದು ಪಾತ್ರೆಯನ್ನು ಸ್ಟೋವ್ ಮೇಲಿಟ್ಟ.

ಅವನಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಹಾಳೆ, ಶಾಯಿ, ಸೆಕೆ, ನನ್ನ ಕಣ್ಣು, ಒಂದೊಂದನ್ನೂ ಶಂಕಿಸಿ ನೋಡಿದ್ದೇನೆ. ಯಾವುದೂ ಲೆಕ್ಕಕ್ಕೆ ಕೂಡುವುದಿಲ್ಲ. ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ಕಾರಣ ಹೊಳೆದರೆ ನನಗೆ ಸಮಾಧಾನವಾದೀತು, ಪೂರ್ತಿ ಅಲ್ಲ. ನಾನು ಬಿಡಿಸಿದ್ದರಲ್ಲಿ ಜೀವ ಬಂದದ್ದು ಆ ಚುಕ್ಕೆಯೊಂದಕ್ಕೇ. ಅದೂ ನನ್ನ ಕೆರೆಯ ಕಡೆ ಬರದೆ, ಅವನ ಗುಡ್ಡವನ್ನೇ ಏರಿ ಹೋಯಿತು.